ತಂಗಿಯ ಹೆಸರಲ್ಲಿ

ಟೈಲರ್ ಮೆಷಿನ್ ಮುಂದೆ ಕೂತು ಕ್ಲಬ್ಬಿನ ಅಂಗಿಗಳ ಬೆನ್ನಿಗೆ ಹೆಸರಿನ ಅಕ್ಷರ ಹೊಲಿಯುತ್ತಿದ್ದ. ಪಕ್ಕದ ಮೇಜಿನ ಮೇಲೆ ಹೆಣ್ಣುಮಕ್ಕಳಿಬ್ಬರೂ ಹೊಲಿದ ಅಂಗಿಗಳನ್ನು ಮಡಿಸುತ್ತಿದ್ದರು. ಈ ಮನೆಯಲ್ಲಿ ದೊಡ್ಡವಳೇ ಗಿಡ್ಡ. ಹದಿನಾಲ್ಕು ತುಂಬಿದ್ದರೂ ಅವಳಿಗೆ ಹನ್ನೊಂದರ ಅಳತೆಯ ಅಂಗಿಯೇ ದೊಗಲೆ. ಹನ್ನೊಂದರ ಚಿಕ್ಕವಳು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಅಕ್ಕನ ತಲೆ ದಾಟಿ ಬೆಳೆದುಬಿಟ್ಟಿದ್ದಳು. ಬಂದವರೆಲ್ಲ ತಂಗಿಯನ್ನೇ ಅಕ್ಕ ಎಂದುಕೊಂಡು ಮಾತಾಡಿಸುವುದು ಮನೆಮಂದಿಗೆಲ್ಲ ಹಳೆಯ ತಮಾಷೆ.

ಆ ಸಂಜೆ ಬಂದ ಟೇಬಲ್ ಟೆನಿಸ್ ಕೋಚ್‌ಗೆ ಮಾತ್ರ ಅದು ತಮಾಷೆಯಾಗಿ ಕಾಣಲಿಲ್ಲ. ಅವನು ಸ್ಟೂಲ್ ಎಳೆದುಕೊಂಡು ಕೂತು ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ಅಳೆದು ನೋಡಿದ.

“ಟೈಲರ್ರೇ, ನೇರವಾಗಿ ಹೇಳ್ತೀನಿ. ದೊಡ್ಡವಳ ಆಟ ಅಂದ್ರೆ ಆಟ. ಆದ್ರೆ ಅವಳ ವಯಸ್ಸಿನವ್ರೆಲ್ಲ ಏಣಿ ಥರ ಇದ್ದಾರೆ, ಇವಳ ಕೈ ಎಲ್ಲಿಗೂ ಎಟುಕಲ್ಲ. ಹನ್ನೆರಡರೊಳಗಿನವ್ರ ಜೊತೆ ಆಡಿಸಿದ್ರೆ ಕಪ್ ನಮ್ದೇ.”

“ಅವಳಿಗೆ ಹದಿನಾಲ್ಕಲ್ವಾ ಸರ್?”

“ಚಿಕ್ಕವಳಿಗೆ ಹನ್ನೊಂದಲ್ವಾ? ಹೆಸರು ಅವಳ್ದು, ಜನನ ಪತ್ರ ಅವಳ್ದು. ಆಡೋದು ದೊಡ್ಡವಳು. ಫೋಟೋ ಅಂಟಿಸೋದು ನನಗೆ ಬಿಡಿ.”

ಚಿಕ್ಕವಳ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲೇ ನಿಂತಿತು. ಮೂರು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಅಭ್ಯಾಸ ಮಾಡಿದ್ದವಳು ಅವಳು. ಆ ಕಪ್‌ಗೆ ಆಡಲು ಅವಳಿಗೆ ಇದೊಂದೇ ವರ್ಷ ಉಳಿದಿತ್ತು.

“ಹಾಗಾದ್ರೆ ನಾನು ಸರ್?”

“ನೀನು ಆಡಿದ್ರೆ ಮೊದಲ್ನೇ ಸುತ್ತಲ್ಲೇ ಮನೆಗೆ. ಈಗ ನೋಡು, ಮನೇಲಿ ಕೂತ್ಕೊಂಡೇ ಚಾಂಪಿಯನ್ ಆಗ್ತೀಯ. ಇಂಥ ಅದೃಷ್ಟ ಯಾರಿಗುಂಟು?” ಎಂದು ಕೋಚ್ ನಕ್ಕ. ಟೈಲರ್ ಕೂಡ ನಕ್ಕ. ದೊಡ್ಡವರು ನಕ್ಕರು ಎಂದು ದೊಡ್ಡವಳೂ ನಕ್ಕಳು.

ಆಸ್ಪತ್ರೆಯ ಪಾಳಿ ಮುಗಿಸಿ ಬಂದ ತಾಯಿ ವಿಷಯ ಕೇಳಿ ಚೀಲವನ್ನೂ ಕೆಳಗಿಡದೆ ಗದರಿದಳು. “ಮಗು ಹೆಸರು ಕಿತ್ಕೊಂಡು ಕಪ್ ತರ್ತೀರಾ? ನಾಚಿಕೆ ಆಗಲ್ವಾ?”

“ಸುಮ್ನಿರೇ. ಈ ಸಲ ಕಪ್ ಬರದಿದ್ರೆ ಕ್ಲಬ್ಬಿನವ್ರು ಕೋಚಿಂಗ್ ಹಾಲ್ ಕಿತ್ಕೋತಾರಂತೆ, ಕೋಚ್ ಸರ್ ಬೀದಿಗೆ ಬರ್ತಾರಂತೆ. ಅದೂ ಹೋಗ್ಲಿ. ದೊಡ್ಡವಳು ನಾಕು ವರ್ಷದಿಂದ ಬರೀ ಸೋತ್ಕೊಂಡು ಬರೋದು ನೋಡಿದೀನಿ. ಒಂದ್ಸಲ ಗೆಲ್ಲಲಿ ಬಿಡು.”

“ಒಂದೇ ಸಲ ಅಮ್ಮ,” ಎಂದಳು ದೊಡ್ಡವಳು, ತಂಗಿಯ ಮುಖ ನೋಡದೆ.

ಅಲ್ಲಿಂದಾಚೆ ಒಂದು ತಿಂಗಳು ಕೋಚ್ ದೊಡ್ಡವಳನ್ನು ತಂಗಿಯ ಹೆಸರಿನಿಂದಲೇ ಕರೆದ. ಚಿಕ್ಕವಳಿಗೆ ಚೆಂಡು ಹೆಕ್ಕುವ ಕೆಲಸ. ತನ್ನ ಹೆಸರು ಕೇಳಿದಾಗ ಅವಳು ತಿರುಗಿ ನೋಡುವಂತಿರಲಿಲ್ಲ. ನೋಡಿದರೆ ಹಾಲ್ ಸುತ್ತ ಐದು ಸುತ್ತು ಓಟ. ಮೊದಲ ದಿನ ಒಂಬತ್ತು ಸಲ ತಿರುಗಿದಳು. ಪಾದದಲ್ಲಿ ಬೊಬ್ಬೆಗಳು ಎದ್ದವು. ಉಳಿದ ಮಕ್ಕಳಿಗೆ ಅದೇ ಒಂದು ಆಟವಾಯಿತು, ಬೇಕೆಂದೇ ಹಿಂದಿನಿಂದ ಹೆಸರು ಕೂಗಿ ಅವಳನ್ನು ಓಡಿಸುತ್ತಿದ್ದವು. ಕೋಚ್ ತಡೆಯಲಿಲ್ಲ, “ಅಭ್ಯಾಸ ಆಗ್ಲಿ” ಎಂದ. ನಾಲ್ಕನೇ ವಾರಕ್ಕೆ ಅಭ್ಯಾಸ ಆಯಿತು. ಮನೆಯಲ್ಲಿ ತಾಯಿ ಊಟಕ್ಕೆ ಕರೆದರೂ ತಿರುಗುತ್ತಿರಲಿಲ್ಲ. ಆಗಲೂ ಟೈಲರ್ ಮೆಷಿನ್ ತುಳಿಯುತ್ತಲೇ ಇದ್ದ. ಒಂದು ಅಂಗಿಯ ಹೊಲಿಗೆ ತಪ್ಪಿದರೆ ಇಡೀ ದಿನ ಒದ್ದಾಡುವ ಮನುಷ್ಯನಿಗೆ ಇದು ಮಾತ್ರ ಕಣ್ಣಿಗೆ ಬೀಳಲಿಲ್ಲವೆಂದರೆ ನಂಬುವುದು ಕಷ್ಟ.

ಪಂದ್ಯದ ದಿನ ಚಿಕ್ಕವಳು ಹಟ ಹಿಡಿದು ಅಪ್ಪನ ಜೊತೆ ಹೋದಳು. ಯಾರಾದರೂ ಹೆಸರು ಕೇಳಿದರೆ ಅಕ್ಕನ ಹೆಸರು ಹೇಳಬೇಕು ಎಂಬ ಕರಾರಿನ ಮೇಲೆ ಕೋಚ್ ಒಪ್ಪಿದ್ದ.

ದೊಡ್ಡವಳು ಎದುರಿಗೆ ಬಂದ ಪುಟ್ಟ ಹುಡುಗಿಯರನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸಿದಳು. ಪ್ರತಿ ಗೆಲುವಿಗೂ ಮೈಕಿನಲ್ಲಿ ತಂಗಿಯ ಹೆಸರು ಮೊಳಗುತ್ತಿತ್ತು. ಫೈನಲ್‌ನಲ್ಲಿ ಎದುರಿಗೆ ಬಂದವಳಿಗೆ ಮೇಲಿನ ಎರಡು ಕೋರೆಹಲ್ಲು ಇನ್ನೂ ಪೂರ್ತಿ ಬಂದಿರಲಿಲ್ಲ. ಅವಳ ಅಪ್ಪ ಗ್ಯಾಲರಿಯಲ್ಲಿ ಟೈಲರ್ ಪಕ್ಕದಲ್ಲೇ ಕೂತಿದ್ದ. ಬಸ್ ಡ್ರೈವರ್, ಖಾಕಿ ಅಂಗಿಯಲ್ಲೇ ಬಂದಿದ್ದ.

“ನಿಮ್ಮ ಮಗಳಾ? ಭಾರೀ ಆಡ್ತಾಳೆ. ಎಷ್ಟು ವಯಸ್ಸು?”

“ಹನ್ನೊಂದು,” ಎಂದ ಟೈಲರ್.

“ನಮ್ಮವಳಿಗೂ ಹನ್ನೊಂದೇ. ನಿಮ್ಮವಳನ್ನ ನೋಡಿ ಕಲೀಬೇಕು ಬಿಡಿ,” ಎಂದ ಡ್ರೈವರ್, ಒಂದಿಷ್ಟೂ ಕಲ್ಮಶವಿಲ್ಲದೆ.

ಮೂರು ಗೇಮ್ ಗೆದ್ದವರಿಗೆ ಕಪ್. ಮೊದಲನೆಯದು ದೊಡ್ಡವಳಿಗೆ, ಹನ್ನೊಂದು-ಎರಡು. ವಿರಾಮದಲ್ಲಿ ಕೋಚ್ ದೊಡ್ಡವಳ ಕಿವಿಯ ಬಳಿ ಬಾಗಿದ. ಅವನದು ಪಿಸುಮಾತೂ ಗ್ಯಾಲರಿಗೆ ಕೇಳಿಸುವಂಥ ಗಂಟಲು. “ಅಳೋಕೆ ಶುರು ಮಾಡಿದಾಳೆ. ಈಗ ಕನಿಕರ ತೋರಿಸಿದ್ರೆ ನಿನ್ನನ್ನೂ ಚೆಂಡು ಹೆಕ್ಕೋಕೆ ಹಾಕ್ತೀನಿ. ಸೊನ್ನೆ ಕೊಟ್ಟು ಕಳಿಸು.”

ಆ ಆಟದಲ್ಲಿ ಎಲ್ಲೂ ಬರೆದಿಡದ ಒಂದು ಮರ್ಯಾದೆ ಇದೆ. ಹತ್ತು-ಸೊನ್ನೆ ಆದಾಗ ಗೆಲ್ಲುತ್ತಿರುವವರು ಒಂದು ಚೆಂಡನ್ನು ಬೇಕೆಂದೇ ಹೊರಗೆ ಹೊಡೆದು ಎದುರಾಳಿಗೆ ಒಂದು ಅಂಕ ಬಿಟ್ಟುಕೊಡುತ್ತಾರೆ. ಸೋಲಲಿ, ಸೊನ್ನೆಗೆ ಮಾತ್ರ ಸೋಲದಿರಲಿ ಎಂದು. ರ‍್ಯಾಕೆಟ್ ಹಿಡಿದ ಮೊದಲ ವಾರದಲ್ಲೇ ಮಕ್ಕಳೆಲ್ಲ ಇದನ್ನು ಕಲಿತಿರುತ್ತಾರೆ.

ಎರಡನೇ ಗೇಮ್ ಹತ್ತು-ಸೊನ್ನೆಗೆ ಬಂತು. ಎದುರಿನ ಹುಡುಗಿ ತೋಳಿನಿಂದ ಮೂಗು ಒರೆಸಿಕೊಂಡು ಕಾದು ನಿಂತಳು. ಆ ಒಂದು ಅಂಕ ಈಗ ಬರುತ್ತದೆಂದು ಅವಳಿಗೂ ಗೊತ್ತಿತ್ತು. ದೊಡ್ಡವಳು ಒಮ್ಮೆ ಕೋಚ್‌ನತ್ತ ನೋಡಿದಳು. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದಳು. ಚೆಂಡು ಮೇಜಿಗೆ ಬಡಿದು ಹುಡುಗಿಯ ಗದ್ದಕ್ಕೆ ತಾಗಿತು. ಅವಳು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಡ್ರೈವರ್ “ಒಂದು ಪಾಯಿಂಟ್ ಬಿಡಬಹುದಿತ್ತು,” ಎಂದಷ್ಟೇ ಹೇಳಿ ಮಗಳ ಕಡೆ ಎದ್ದು ಹೋದ.

ಚಿಕ್ಕವಳು ಅಪ್ಪನ ತೋಳು ಹಿಡಿದಳು. “ಅಪ್ಪ, ನಾನಾಗಿದ್ರೆ ಬಿಡ್ತಿದ್ದೆ.”

“ಹ್ಞೂಂ.”

“ಈಗ ಎಲ್ರೂ ನಾನೇ ಬಿಡ್ಲಿಲ್ಲ ಅಂತಾರೆ ಅಲ್ವಾ? ಅಂಗಿ ಮೇಲೆ ನನ್ ಹೆಸರೇ ಅಲ್ವಾ ಇರೋದು?”

ಟೈಲರ್‌ಗೆ ನೆಲ ಬಿರಿಯಬಾರದೇ ಅನ್ನಿಸಿತು. ಆ ಹೆಸರನ್ನು ಹೊಲಿದವನು ಅವನೇ. ಮಗಳ ಹೆಸರಿಗೆ ಕಪ್ ಸಿಗುತ್ತದೆಂದು ಲೆಕ್ಕ ಹಾಕಿದ್ದನೇ ಹೊರತು, ಆ ಹೆಸರಿಗೆ ಇನ್ನೇನೆಲ್ಲ ಅಂಟಿಕೊಳ್ಳಬಹುದೆಂದು ಯೋಚಿಸಿರಲಿಲ್ಲ. ಅವನು ಎದ್ದ. ಮೂರನೇ ಗೇಮ್ ಶುರುವಾಗುವ ಮೊದಲೇ ಮೆಟ್ಟಿಲಿಳಿದು ರೆಫರಿಯ ಮೇಜಿನ ಮುಂದೆ ನಿಂತ. ರೆಫರಿ ಕನ್ನಡಕ ಹಾಕಿದ್ದ ವಯಸ್ಸಾದ ಹೆಂಗಸು.

“ಮೇಡಂ, ಆಡ್ತಿರೋದು ನನ್ನ ದೊಡ್ಡ ಮಗಳು. ಹದಿನಾಲ್ಕು ವರ್ಷ. ಹೆಸರು ಚಿಕ್ಕವಳ್ದು. ತಪ್ಪು ನನ್ದು.”

ಕೋಚ್ ದಾಪುಗಾಲು ಹಾಕಿ ಬಂದ. “ಈ ಟೈಲರ್ ಕೊಟ್ಟ ಪತ್ರ ನಂಬಿದೆ ಮೇಡಂ, ನನಗೇನು ಗೊತ್ತು?” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಟೈಲರ್ ಕಡೆ ತಿರುಗಿ ಹಲ್ಲು ಕಡಿದ. “ಎಲ್ರೂ ಮಾಡ್ತಾರೆ ಕಣಯ್ಯ. ಗೆದ್ದವ್ರನ್ನ ಯಾರೂ ಜಾತಕ ಕೇಳಲ್ಲ. ನಿನ್ ಮಕ್ಕಳ ಬಾಳಿಗೆ ನೀನೇ ಮಣ್ಣು ಹಾಕ್ದೆ.”

ರೆಫರಿ ಇಬ್ಬರ ಮಾತನ್ನೂ ಕೇಳಿಸಿಕೊಂಡು ಕಾಗದ ತೆಗೆದರು. ಕೋಚ್ ಮೇಲೆ ವಿಚಾರಣೆ ನಡೆಯುತ್ತದೆ, ಅಕ್ಕ ತಂಗಿ ಇಬ್ಬರಿಗೂ ಎರಡು ವರ್ಷ ನಿಷೇಧ, ಆಡಿದವಳಿಗೂ ಹೆಸರು ಕೊಟ್ಟವಳಿಗೂ ಎಂದರು.

“ಚಿಕ್ಕವಳು ಕೊಡ್ಲಿಲ್ಲ ಮೇಡಂ, ನಾವು ಕಿತ್ಕೊಂಡ್ವಿ.”

“ನಿಯಮಕ್ಕೆ ಅದೆಲ್ಲ ಗೊತ್ತಾಗಲ್ಲ,” ಎಂದರು ರೆಫರಿ. ಟೈಲರ್ ಸಹಿ ಹಾಕಿದ.

ಹೊರಗಿನ ವರಾಂಡದಲ್ಲಿ ದೊಡ್ಡವಳು ಅಪ್ಪನನ್ನು ನೋಡಿದ್ದೇ ತಡ, “ಇನ್ನೊಂದೇ ಗೇಮ್ ಇತ್ತು!” ಎಂದು ಕಿರುಚಿದಳು. “ಒಂದ್ಸಲನೂ ನಾನು ಗೆಲ್ಬಾರ್ದಾ? ನೀನು ನನ್ನಪ್ಪನೇ ಅಲ್ಲ.” ಟೈಲರ್ ಅದನ್ನು ಕೇಳಿಸಿಕೊಂಡ.

ಚಿಕ್ಕವಳು ಬೆರಳು ಮಡಿಸಿ ಎಣಿಸುತ್ತಿದ್ದಳು. “ಎರಡು ವರ್ಷ ಅಂದ್ರೆ ನಂಗೆ ಹದಿಮೂರು. ಆಮೇಲೆ ಈ ಕಪ್‌ಗೆ ಆಡೋಕಾಗಲ್ಲ ಅಲ್ವಾ?”

“ಆಗಲ್ಲ ಕಣಮ್ಮ,” ಎಂದ ಟೈಲರ್.

“ಹೋಗ್ಲಿ ಬಿಡು. ಆ ಕಾಗದದಲ್ಲಿ, ಸೊನ್ನೆ ಕೊಟ್ಟಿದ್ದು ನಾನಲ್ಲ ಅಂತ ಬರ್ದಿದಾರಾ?”

ಟೈಲರ್ ಮತ್ತೆ ಒಳಗೆ ಹೋಗಿ ಕೇಳಿದ. ಅಂಥದ್ದಕ್ಕೆಲ್ಲ ಇದರಲ್ಲಿ ಜಾಗ ಇಲ್ಲ ಎಂದು ರೆಫರಿ ಕಾಗದ ತೋರಿಸಿದರು. ಹೊರಗೆ ಬಂದು ಇಲ್ಲ ಎಂದು ತಲೆಯಾಡಿಸಿದ. ಚಿಕ್ಕವಳು ಅಳಲಿಲ್ಲ, ಜಗಳವಾಡಲಿಲ್ಲ. “ಸರಿ” ಎಂದು ಮೆಟ್ಟಿಲ ಮೇಲೆ ಕೂತು ಶೂ ದಾರ ಬಿಚ್ಚತೊಡಗಿದಳು.

ದೊಡ್ಡವಳು ತಂಗಿಯನ್ನೇ ನೋಡುತ್ತ ನಿಂತಿದ್ದಳು. ಒಂದು ತಿಂಗಳಿಂದ ತಪ್ಪಿಸಿಕೊಂಡಿದ್ದ ಆ ಮುಖವನ್ನು ಈಗ ನೋಡಿದವಳಿಗೆ ಸಿಟ್ಟು ಉಳಿಯಲಿಲ್ಲ, ನಾಚಿಕೆ ಉಳಿಯಿತು. ವರಾಂಡದ ಇನ್ನೊಂದು ತುದಿಗೆ ನಡೆದಳು. ಅಲ್ಲಿ ಬೆಂಚಿನ ಮೇಲೆ ಡ್ರೈವರ್ ಮಗಳ ಗದ್ದಕ್ಕೆ ಒದ್ದೆ ಕರವಸ್ತ್ರ ಒತ್ತಿ ಕೂತಿದ್ದ. ಅವಳ ಪಾಲಿಗೆ ಬಂದ ಕಪ್ ಪಕ್ಕದಲ್ಲಿತ್ತು, ಹುಡುಗಿ ಅದನ್ನು ಮುಟ್ಟಿರಲಿಲ್ಲ.

“ಸೊನ್ನೆ ಕೊಟ್ಟಿದ್ದು ನಾನು,” ಎಂದಳು ದೊಡ್ಡವಳು. “ನಂಗೆ ಹದಿನಾಲ್ಕು. ನನ್ನ ತಂಗಿ ಆಗಿದ್ರೆ ಬಿಡ್ತಿದ್ಳು.”

ಹುಡುಗಿ ಅಪ್ಪನ ಖಾಕಿ ಅಂಗಿಯೊಳಗೆ ಮುಖ ಹುದುಗಿಸಿದಳು. “ಹೋಗು ಅಂತ ಹೇಳಪ್ಪ,” ಎಂದಳು. ಡ್ರೈವರ್ ಮಗಳ ತಲೆ ನೇವರಿಸಿದ.

ದೊಡ್ಡವಳು ಹೋಗಲಿಲ್ಲ. ಹುಡುಗಿ ತಲೆ ಎತ್ತುವವರೆಗೂ ಅಲ್ಲೇ ನಿಂತಿದ್ದಳು.