ಬಾಯಲ್ಲಿ ಆರು ಗುಂಡುಸೂಜಿ

ಏಳು ಬೀದಿಗಳಾಚೆ, ಎಂಟನೆಯದರ ತಿರುವಿನಲ್ಲಿ, ಒಬ್ಬ ಮಹಾಶೂರನಿದ್ದನಂತೆ. ಹದಿನಾಲ್ಕನೇ ಮಹಡಿಯಲ್ಲಿ ಲಿಫ್ಟು ಕೆಟ್ಟು ನಿಂತರೆ, ಕತ್ತಲ ಬಾವಿಯಂಥ ಆ ಸಂದಿಗೆ ಹಗ್ಗ ಹಿಡಿದು ಇಳಿಯುವಷ್ಟು ಎದೆಗಾರಿಕೆ ಆ ಲಿಫ್ಟ್ ಮೆಕ್ಯಾನಿಕ್ಕನದು. ಕಟ್ಟಿಕೊಂಡ ಹೆಂಡತಿಯ ಮುಖ ನೋಡಿ ಒಂದು ಮಾತು ಕೇಳಬೇಕೆಂದರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು.

ಹೆಂಡತಿ ಟೈಲರ್. ಕೋಟಿನ ತೋಳೋ ಲಂಗದ ಅಂಚೋ ಗುರುತು ಮಾಡುವಾಗ ಅವಳ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. ಗಂಡನ ಶೌರ್ಯವೆಲ್ಲ ಸರಿಯಾಗಿ ಆ ಹೊತ್ತಿಗೇ ಉಕ್ಕುತ್ತಿತ್ತು. ಅವಳ ಸೈಕಲ್ ಮಾರಿದ್ದು, ತನ್ನ ಚಿಕ್ಕಪ್ಪನನ್ನು ಮೂರು ತಿಂಗಳು ಮನೆಯಲ್ಲಿಟ್ಟುಕೊಂಡಿದ್ದು, ಬಚ್ಚಲಿಗೆ ಆ ಹಾಳು ಹಸಿರು ಬಣ್ಣ ಬಳಿದಿದ್ದು, ಎಲ್ಲಕ್ಕೂ ಅವಳನ್ನು ಕೇಳಿದ್ದು ಹಾಗೆಯೇ. ಸೂಜಿ ನುಂಗದಂತೆ ಅವಳು "ಹ್ಞೂಂ" ಎಂದು ಉಸಿರುಬಿಟ್ಟರೆ ಅದೇ ಒಪ್ಪಿಗೆ. ಒಂಬತ್ತು ವರ್ಷದ ಸಂಸಾರ ಹೀಗೆ ಮೂಗಿನಲ್ಲೇ ನಡೆದಿತ್ತು.

ಈ ಸಲ ಮಹಾಶೂರನ ತಲೆಗೆ ಪ್ರಣಯ ಹೊಕ್ಕಿತು. ಸಮುದ್ರದ ಪಕ್ಕ ನಾಲ್ಕು ದಿನ, ಇಬ್ಬರೇ. ಕೋಣೆ ಕಾಯ್ದಿರಿಸಿದ, ಅತ್ತೆಗೆ ಫೋನು ಹಚ್ಚಿ ಹೇಳಿದ, ಎದುರುಮನೆಯಾಕೆಗೆ ಹೂಕುಂಡಗಳನ್ನು ಒಪ್ಪಿಸಿದ. ಸುದ್ದಿ ಕಟ್ಟಕಡೆಗೆ ಹೆಂಡತಿಯನ್ನು ಮುಟ್ಟಿದ್ದು ಅಳತೆ ಕೊಡಲು ಬಂದ ನಾದಿನಿಯಿಂದ.

"ಏನತ್ತಿಗೆ, ಹೊಸ ಮದುಮಗಳ ಥರ ಹೊರಟಿದ್ದೀರಂತೆ?"

ಟೈಲರಮ್ಮನಿಗೆ ಮೈ ಉರಿಯಿತು. ಹೋಗಲು ಮನಸ್ಸಿಲ್ಲವೆಂದಲ್ಲ, ಅವಳು ಸಮುದ್ರವನ್ನು ಕಂಡೇ ಇರಲಿಲ್ಲ. ಆದರೆ ಹೋಗುವುದಾದರೆ, ಕರೆದರೆಂದು ಹೋಗಬೇಕು, ಸೂಟ್‌ಕೇಸಿನ ಹಾಗೆ ಹೊತ್ತೊಯ್ದರೆಂದಲ್ಲ. ನಿಮ್ಮಣ್ಣ ಬಾಯಿಬಿಟ್ಟು ಕೇಳದಿದ್ದರೆ ಆ ಕೋಣೆಯಲ್ಲಿ ಅವರೊಬ್ಬರೇ ಮಲಗಿಕೊಳ್ಳಲಿ ಎಂದಳು. ನಾದಿನಿ ಹೋಗಿ ಅಣ್ಣನ ಕಿವಿ ಹಿಂಡಿದಳು. ಶನಿವಾರದೊಳಗೆ ತಾನೇ ಕೇಳುತ್ತೇನೆಂದು ಅವನು ಮಾತು ಕೊಟ್ಟ.

ಶನಿವಾರ ಬಂದ. ಬಂದದ್ದಾದರೂ ಯಾವಾಗ? ಅವಳು ಬಾಯಲ್ಲಿ ಆರು ಸೂಜಿ ಕಚ್ಚಿ, ಮೊಣಕಾಲೂರಿ, ಬ್ಯಾಂಕಿನ ಗುಮಾಸ್ತೆಯೊಬ್ಬಳ ಲಂಗದ ಅಂಚು ಮಡಚುತ್ತಿದ್ದಾಗ. ಬಾಗಿಲಿಗೊರಗಿ, ಗೋಡೆಯ ಕ್ಯಾಲೆಂಡರಿನ ಕಡೆ ಮುಖ ಮಾಡಿ, ನಾಲ್ಕು ದಿನ, ಸಮುದ್ರ, ಆಗಬಹುದಲ್ಲ ಎಂದು ಗೊಣಗಿ, ಉತ್ತರ ಸಿಕ್ಕವನಂತೆ ಹೊರಟೇಬಿಟ್ಟ.

ಅವಳು ಸೂಜಿಗಳನ್ನು ಒಂದೊಂದಾಗಿ ತೆಗೆದು ಮಣಿಕಟ್ಟಿನ ಪುಟ್ಟ ದಿಂಬಿಗೆ ಚುಚ್ಚಿದಳು.

"ನಿಂತ್ಕೊಳ್ರೀ. ಕ್ಯಾಲೆಂಡರ್ ಬರಲ್ಲ ಅಂತಿದೆ, ಅದಕ್ಕೆ ರಜಾ ಇಲ್ವಂತೆ. ಇನ್ಯಾರನ್ನ ಕೇಳ್ತೀರಿ?"

ಅರ್ಧ ಮಡಚಿದ ಲಂಗದಲ್ಲೇ ಗುಮಾಸ್ತೆ ಕಿಸಕ್ಕನೆ ನಕ್ಕಳು.

ಗಿರಾಕಿಯ ಎದುರು ಬೇಡ, ಸಂಜೆ ಮಾತಾಡೋಣ ಎಂದ. ಸಂಜೆ ತನ್ನ ಬಾಯಿ ತುಂಬ ಸೂಜಿಯಿರುತ್ತದೆ, ಕೇಳುವುದಾದರೆ ಈಗ ಕೇಳಿ ಎಂದಳು.

ಮಹಾಶೂರ ಬೆವರಿದ. ಸ್ಪ್ಯಾನರನ್ನು ಈ ಜೇಬಿನಿಂದ ಆ ಜೇಬಿಗೆ ಬದಲಿಸಿದ, ಕೆಮ್ಮಿದ. ಕೊನೆಗೆ ಒಳಬಂದು ಚೂರುಬಟ್ಟೆಗಳ ನಡುವೆ ಅವಳೆದುರು ಕುಕ್ಕರಗಾಲಲ್ಲಿ ಕೂತ. ಕೇಳುವ ಮೊದಲು ಅವಳ ಖಾಲಿ ಬಾಯಿಯನ್ನು ಅವನು ನೋಡಿದ್ದು ಒಂಬತ್ತು ವರ್ಷದಲ್ಲಿ ಇದೇ ಮೊದಲು. ಅದು ಏನು ಬೇಕಾದರೂ ಹೇಳಬಲ್ಲದು ಎಂಬುದು ಅವನಿಗೆ ಹೊಳೆದದ್ದು ಅವಳಿಗೆ ಕಂಡಿತು.

"ನನ್ ಜೊತೆ ಬರ್ತೀಯಾ?" ಎಂದು ಕೇಳಿದ.