ದೊರೆಸಾನಿಯ ಹೂಚಪ್ಪರ

ಮನಕಾರ ಪಟ್ಟಣದ ದಕ್ಷಿಣಕ್ಕಿದ್ದ ಆ ಬಿಳಿಯರ ಕಾಫಿ ತೋಟದಲ್ಲಿ, ದೊರೆಸಾನಿಯ ಜಗಲಿಗೆ ಬಿಳಿ ಹೂವಿನ ಬಳ್ಳಿ ಹಬ್ಬಿಸಿದವಳು ವುಲಸುವಾ. ಮೇಣದಲ್ಲಿ ಕಡೆದಂಥ ಹೂಗಳು. ಸಂಜೆಯಾದರೆ ಪರಿಮಳಕ್ಕೆ ತಲೆ ಭಾರವಾಗುತ್ತಿತ್ತು. ಮಗಳ ಮದುವೆಯ ಚಪ್ಪರಕ್ಕೆ ಅಷ್ಟು ಸಾಲದೆಂದು ದೊರೆಸಾನಿಗೆ ಅನ್ನಿಸಿತು. ಕಾಡಿನ ಗೋರಿಗಳ ಸುತ್ತ ಹಬ್ಬಿದ್ದನ್ನೆಲ್ಲ ಬೇರುಸಮೇತ ಕಿತ್ತು ತರುವಂತೆ ವುಲಸುವಾಳ ಗಂಡ ಕಮಿಸಿಗೆ ಅಪ್ಪಣೆಯಾಯಿತು.

“ಅದು ನಮ್ ಹಿರೀಕರ ಜಾಗ. ಕೈ ಹಚ್ಚಲ್ಲ,” ಎಂದ ಕಮಿಸಿ.

ಮೇಸ್ತ್ರಿ ಝುಮಾ ಅವನ ಚಿಕ್ಕಪ್ಪನ ಮಗ. “ಸತ್ತೋರಿಗೆ ಹೂವ್ಯಾಕೋ? ಅನ್ನ ಹಾಕೋನು ದೊರೆ,” ಎಂದು ಹಂಗಿಸಿದ.

“ಹಂಗಾದ್ರೆ ನಿಮ್ಮಪ್ಪನ ಮೂಳೆ ಮೇಲಿಂದ ನೀನೇ ಕಿತ್ಕೊಂಡ್ ಬಾ. ಅವನೂ ಅಲ್ಲೇ ಮಲಗಿರೋದು.”

ಕೂಲಿಗಳು ಕಿಸಕ್ಕೆಂದರು. ದೊರೆ ಜಗಲಿಯಿಂದ ನೋಡುತ್ತಿದ್ದ. ಝುಮಾನ ಮುಖ ಕಪ್ಪಿಟ್ಟಿತು. ಕಂಬದ ಬಳ್ಳಿಯನ್ನೇ ಎಳೆದು ಅಣ್ಣನನ್ನು ಕಟ್ಟಿ, ಎತ್ತಿನ ಚಾವಟಿ ತೆಗೆದುಕೊಂಡ. ದೊರೆ ಸಾಕೆನ್ನಲಿಲ್ಲ. ಕಮಿಸಿ ಒದ್ದಾಡಿದಷ್ಟೂ ಬಳ್ಳಿ ಬಿಗಿಯಿತು. ಜಜ್ಜಿದ ಎಲೆಗಳ ಹಾಲು ಬೆನ್ನಿನ ರಕ್ತಕ್ಕೆ ಬೆರೆತು ಹರಿಯಿತು. ವುಲಸುವಾಳನ್ನು ಕಾವಲಿನವರು ಒತ್ತಿ ಹಿಡಿದಿದ್ದರು. ಬಿಚ್ಚುವಾಗ ಅವನಲ್ಲಿ ಜೀವವಿರಲಿಲ್ಲ. ದೊರೆಸಾನಿ ಹೊರಗೆ ಬಂದು, ಹೂವೆಲ್ಲ ಹಾಳಾಯಿತೆಂದು ಗೊಣಗಿದಳು.

ಕಮಿಸಿಯನ್ನು ಹಿರಿಯರ ಗೋರಿಗೆ ಸೇರಿಸಿದ ಸ್ವಲ್ಪ ದಿನಕ್ಕೇ ಬಿಳಿಯರ ವಿರುದ್ಧ ದಂಗೆ ಎದ್ದಿತು. ಅದು ನಲವತ್ತೇಳರ ವರ್ಷ. ಬೆಳಗಿನ ಮಂಜಿನಲ್ಲಿ ಈಟಿಯವರು “ನೀರು, ನೀರು” ಎಂದು ಕೂಗುತ್ತ ದೊರೆಯ ಮನೆಗೆ ನುಗ್ಗಿದರು. ಹಾಗೆ ಕೂಗಿದರೆ ಗುಂಡು ನೀರಾಗುತ್ತದೆಂಬ ನಂಬಿಕೆ. ಮುಂದಿದ್ದವರ ಪಾಲಿಗೆ ನೀರಾಗಲಿಲ್ಲ. ಹಿಂದಿದ್ದವರು ಅವರ ಹೆಣ ದಾಟಿ ಬಂದು ದೊರೆಯನ್ನು ಮೆಟ್ಟಿಲ ಮೇಲೆಯೇ ತಿವಿದು ಕೆಡವಿದರು. ದೊರೆಸಾನಿ, ಮಗಳ ಮದುವೆ ಬಟ್ಟೆಗೆಂದು ಪೇಟೆಗೆ ಹೋಗಿದ್ದವಳು, ಬದುಕಿಕೊಂಡಳು.

ಝುಮಾ ಕಂಬಗಳ ಮೇಲೆ ನಿಂತ ಆ ಮನೆಯ ಅಡಿಯಲ್ಲಿ ಅಡಗಿದ್ದ. ವುಲಸುವಾ ಅವನನ್ನು ಕೂದಲು ಹಿಡಿದು ಹೊರಗೆಳೆದಳು.

“ಅತ್ತಿಗೆ, ನಾನು ಹೊಡೀದಿದ್ರೆ ದೊರೆ ನನ್ನೇ ಕಟ್ಟಿಸ್ತಿದ್ದ. ಒಂದೇ ರಕ್ತ ಅಲ್ವಾ ನಮ್ದು?”

“ಕೈ ಚಾಚು.”

ಚಾಚಲಿಲ್ಲ. ಬಲಗೈಯನ್ನು ಮೆಟ್ಟಿ ನಿಂತು ಕತ್ತಿ ಬೀಸಿದಳು. ಮೂಳೆ ಒಂದೇ ಏಟಿಗೆ ತುಂಡಾಗಲಿಲ್ಲ, ಮತ್ತೆ ಬೀಸಿದಳು. ಈಟಿಯವನೊಬ್ಬ ಕೊಲ್ಲಲು ಬಂದಾಗ ಅವಳೇ ತಡೆದಳು. “ಬಿಡಣ್ಣ. ಎಡಗೈಯಲ್ಲಿ ಉಂಡ್ಕೊಂಡ್ ಬಿದ್ದಿರ್ಲಿ.”

ಅದೇ ಮುಳುವಾಯಿತು. ಮಳೆ ತಗ್ಗುವ ಹೊತ್ತಿಗೆ ಸಿಪಾಯಿಗಳು ಬಂದು ಗುಡಿಸಲುಗಳಿಗೆ ಬೆಂಕಿಯಿಟ್ಟು, ಊರವರನ್ನು ಸಾಲಾಗಿ ನಿಲ್ಲಿಸಿದರು. ಮೊಂಡುಗೈಗೆ ಬಟ್ಟೆ ಸುತ್ತಿಕೊಂಡು ಝುಮಾನೂ ಬಂದಿದ್ದ. ಕೈ ಕಡಿದವನು ಯಾರೆಂದು ಅಧಿಕಾರಿ ಕೇಳಿದ. ಝುಮಾ ವುಲಸುವಾಳ ಎದುರು ನಿಂತು ಅವಳನ್ನೇ ದಿಟ್ಟಿಸಿದ. ಆಮೇಲೆ ಪಕ್ಕದಲ್ಲಿದ್ದ ಅವಳ ಮಾವ, ಕಮಿಸಿಯ ಅಪ್ಪ ಮಹಾವೆಲುವನ್ನು ತೋರಿಸಿದ.

“ಕಡ್ದಿದ್ದು ನಾನು,” ಎಂದಳು ವುಲಸುವಾ. “ಮುದುಕನ್ನ ಬಿಡಿ.”

ಅಧಿಕಾರಿ ನಕ್ಕುಬಿಟ್ಟ. ಹೆಂಗಸಿನ ಮಾತನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

“ಸುಮ್ನಿರು ಮಗಳೇ,” ಎಂದ ಮಹಾವೆಲು. “ನನ್ನ ಹೊತ್ಕೊಂಡ್ ಹೋಗೋಕೆ ಒಬ್ರಾದ್ರೂ ಬೇಕಲ್ಲ.”

ಗುಂಡು ಹಾರಿತು. ಮುದುಕ ಮೊಣಕಾಲೂರಿ, ನಿಧಾನಕ್ಕೆ ಮಗ್ಗುಲಾದ. ವುಲಸುವಾ ಝುಮಾನ ಮೇಲೆ ಹಾರಿ ಅವನ ಕೊರಳಿಗೆ ಬಾಯಿ ಹಾಕಿದಳು. ಬಂದೂಕಿನ ಹಿಡಿ ನೆತ್ತಿಗೆ ಬೀಳುವವರೆಗೂ ಬಿಡಲಿಲ್ಲ.

ಎಚ್ಚರವಾದಾಗ, ಅವಳು ಸತ್ತಳೆಂದು ಬಿಟ್ಟು ಸಿಪಾಯಿಗಳು ಹೊರಟುಹೋಗಿದ್ದರು. ಝುಮಾ ರಕ್ತದ ಮಡುವಿನಲ್ಲಿ ಬಾಯಿ ತೆರೆದುಕೊಂಡು ಹೆಣವಾಗಿ ಬಿದ್ದಿದ್ದ; ಅವನನ್ನು ಒಯ್ಯಲು ಯಾರೂ ಮುಂದಾಗಿರಲಿಲ್ಲ. ಅವಳಿಗೆ ಹಗುರವೂ ಆಗಲಿಲ್ಲ, ಅಳುವೂ ಬರಲಿಲ್ಲ. ಮೈಮೇಲಿನ ಹೊದಿಕೆ ಬಿಚ್ಚಿ ಮಾವನನ್ನು ಸುತ್ತಿ, ಬೆನ್ನಿಗೆ ಹಾಕಿಕೊಂಡು ಹಿರಿಯರ ಗೋರಿಗಳಿದ್ದ ಕಾಡಿನ ದಾರಿ ಹಿಡಿದಳು. ಹೊಳೆ ದಾಟುವಾಗ ಕಾಲು ಜಾರಿತು. ಸಿಪಾಯಿಗಳಿಗೆ ಹೆದರಿ ಬಿದಿರ ಮೆಳೆಯಲ್ಲಿ ಅಡಗಿದ್ದ ಊರ ಹೆಂಗಸರು ಹೊರಬಂದು ಮುದುಕನ ಕಾಲು ಹಿಡಿದುಕೊಂಡರು.