ಸೀಸೆ ತೊಳೆದ ನೀರು

ಲ್ಯಾಂಕಶೈರಿನ ಹ್ಯಾಗ್‌ಬ್ರಿಜ್ ಊರಿನಲ್ಲಿ, ಟೆಂಟರ್ ಬೀದಿಯ ನೇಕಾರ್ತಿ ಕೆಜಾಯಾಳ ಹಾಲುಗೂಸು ಸೆಲಿನಾ ಔಷಧಿ ಕುಡಿದು ಸತ್ತಿತು. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ. ಕುಡಿಸಿದವಳು ಸ್ವಂತ ಅಜ್ಜಿ, ಕೆಜಾಯಾಳ ಅತ್ತೆ ಟ್ಯಾಬಿತಾ. ಸಾವಿನ ಕಾರಣ ‘ಹುಟ್ಟಿನಿಂದಲೇ ಬಲಹೀನತೆ’ ಎಂದು ದಾಖಲಾಯಿತು.

ಅವರದು ನಮ್ಮ ಪಕ್ಕದ ಮನೆ. ನಡುವೆ ಒಂದೇ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ನಾವು ಏಳುತ್ತಿದ್ದೆವು. ಬೆಳಕು ಹರಿಯುವ ಮುಂಚೆ ಗಿರಣಿಯವರನ್ನು ಎಬ್ಬಿಸುವ ಮುದುಕ ಉದ್ದನೆಯ ಗಳುವಿನಿಂದ ಕಿಟಕಿ ಕಿಟಕಿಗೂ ತಟ್ಟಿಕೊಂಡು ಹೋದರೆ, ಕೆಜಾಯಾ ನಿಂತಲ್ಲೇ ಚಹಾ ಕುಡಿದು, ಶಾಲು ಹೊದ್ದು, ಮಗುವಿನ ಹಣೆಗೆ ಮುತ್ತಿಟ್ಟು ಗಿರಣಿಗೆ ಓಡುತ್ತಿದ್ದಳು. ಹಸಿ ಬಾಣಂತಿ. ಹಾಲು ಸೋರಿ ರವಿಕೆ ಒದ್ದೆಯಾಗಿರುತ್ತಿತ್ತು. ಆದರೂ ಓಡಬೇಕು, ಗೇಟು ಮುಚ್ಚಿತೆಂದರೆ ಅವಳ ಮಗ್ಗಕ್ಕೆ ಬೇರೊಬ್ಬಳು ಬಂದು ನಿಲ್ಲುತ್ತಾಳೆ. ನನ್ನ ಮಗ್ಗ ಅವಳ ಮಗ್ಗದ ಪಕ್ಕದಲ್ಲೇ. ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ನಾವು ತುಟಿ ನೋಡಿ ಮಾತಾಡುವವರು. ದಿನಕ್ಕೆ ಎಷ್ಟೋ ಸಲ ಅವಳ ತುಟಿ ಒಂದೇ ಮಾತು ಕೇಳುತ್ತಿತ್ತು: “ಎದ್ದಿರಬಹುದಾ ಈಗ?”

ಎದ್ದಿರುತ್ತಿರಲಿಲ್ಲ. ಟ್ಯಾಬಿತಮ್ಮನ ಮನೆಯಲ್ಲಿ ಮಕ್ಕಳು ಏಳುವುದೇ ಅಪರೂಪ.

ಹತ್ತಿ ಧೂಳು ತುಂಬಿ ಅವಳ ಎದೆ ಕೆಟ್ಟ ಮೇಲೆ ಗಿರಣಿಯವರು ಅವಳನ್ನು ಮನೆಗೆ ಕಳಿಸಿದ್ದರು. ಅಂದಿನಿಂದ ಬೀದಿಯ ಕೂಸುಗಳೆಲ್ಲ ಅವಳ ಪಾಲು. ಒಂದು ತೊಟ್ಟಿಲಲ್ಲಿ, ಒಂದು ಬಟ್ಟೆ ಡ್ರಾಯರಿನಲ್ಲಿ, ಒಂದು ಕಿತ್ತಳೆ ಪೆಟ್ಟಿಗೆಯಲ್ಲಿ. ಒಲೆಯ ಮುಂದೆ ಕೂತು ಚಾಪೆಲಿನ ಪ್ರಾರ್ಥನೆಯ ಹಾಡು ಗುನುಗುತ್ತಾ ಕಾಲಲ್ಲೇ ತೊಟ್ಟಿಲು ತೂಗುವಳು. ನನ್ನ ಮಗನನ್ನೂ ಅವಳೇ ನೋಡಿಕೊಂಡಳು. ಅವಳಷ್ಟು ಮೃದುವಾದ ಕೈ ನಾನು ಕಂಡಿಲ್ಲ. ಇದನ್ನು ಓದುವವರು ಟ್ಯಾಬಿತಮ್ಮನನ್ನು ರಾಕ್ಷಸಿ ಎಂದು ತಿಳಿದರೆ ನಾನು ಬರೆದದ್ದು ವ್ಯರ್ಥ. ರಾಕ್ಷಸಿಯರಿಂದ ಇಷ್ಟೊಂದು ಮಕ್ಕಳು ಸಾಯುವುದಿಲ್ಲ. ಪ್ರೀತಿ ಇದ್ದವರ ಕೈಗೆ ವಿಷ ಕೊಟ್ಟು, ಅದಕ್ಕೆ ಔಷಧಿ ಎಂದು ಹೆಸರಿಟ್ಟಾಗ ಸಾಯುತ್ತವೆ.

ಆ ಹೆಸರು ‘ಮದರ್ ಫೇರ್‌ಬರ್ನ್ ಶಾಂತಿರಸ’. ಸೀಸೆಯ ಚೀಟಿಯ ಮೇಲೆ ಗುಂಗುರು ಕೂದಲಿನ ತಾಯಿ, ಮಡಿಲಲ್ಲಿ ನಿದ್ರಿಸುವ ಮಗು. ಕೆಳಗೆ ಸಣ್ಣಕ್ಷರದಲ್ಲಿ: ಹಲ್ಲು ಮೊಳೆಯುವ ನೋವು, ಹೊಟ್ಟೆನುಲಿ, ಕೆಮ್ಮು, ಭೇದಿ, ಸೆಳವು, ಹಟ, ಎಲ್ಲಕ್ಕೂ ಒಂದೇ ಚಮಚ. ಒಳಗಿದ್ದದ್ದು ಕಾಕಂಬಿ, ಸೋಂಪು, ಅಫೀಮು. ಅದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಬಿರಡೆಯ ಮೇಲೆ ಕಿರೀಟದ ಗುರುತಿನ ಸರ್ಕಾರಿ ಚೀಟಿ ಅಂಟಿಸಿರುತ್ತಿತ್ತು. ನಮ್ಮ ಬೀದಿಯವರ ಕಣ್ಣಿಗೆ ಆ ಚೀಟಿ ವೇದವಾಕ್ಯ.

ಸಹಕಾರಿ ಅಂಗಡಿಯ ಮಾಳಿಗೆಯಲ್ಲಿ ಭಾನುವಾರ ನಾವು ಕೆಲವರು ಸೇರಿ ಪತ್ರಿಕೆ ಓದುತ್ತಿದ್ದೆವು. ಅಲ್ಲಿ ಕಿವಿಗೆ ಬಿದ್ದದ್ದನ್ನು ಒಂದು ಸಲ ಟ್ಯಾಬಿತಮ್ಮನ ಮುಂದೆ ತೆಗೆದೆ.

“ಅದರಲ್ಲಿ ಅಫೀಮು ಇದೆಯಂತೆ, ಟ್ಯಾಬಿತಮ್ಮ.”

“ಬಂದ್ಳಪ್ಪ ಪಂಡಿತೆ! ಲೇ ಡಾರ್ಕಸ್, ಕಣ್ಣು ಬಿಟ್ಟು ನೋಡೇ ಇಲ್ಲಿ. ಯಾರ ಕಿರೀಟ ಇದು? ರಾಣೀದು. ಒಂಬತ್ತು ಹೆತ್ತ ತಾಯಿ ಅವಳು. ಕೂಸಿಗೆ ಆಗದೇ ಇರೋದಕ್ಕೆ ಅವಳು ಮುದ್ರೆ ಒತ್ತಿಸ್ತಾಳಾ?”

“ಅದು ಸುಂಕದ ಚೀಟಿ. ಮಾರಿದವರು ತೆರಿಗೆ ಕಟ್ಟಿದಾರೆ ಅಂತ ಅರ್ಥ, ಅಷ್ಟೇ. ಒಳಗೆ ಏನಿದೆ ಅಂತ ರಾಣಿ ಮೂಸಿ ನೋಡಿರಲ್ಲ.”

“ಹೂಂ, ನೀನು ಮೂಸಿ ನೋಡಿದೀಯ! ನಿನ್ನ ಮಗ ಇದೇ ಕುಡಿದು ಕೋಣ ಬೆಳೆದ ಹಾಗೆ ಬೆಳೆದಿಲ್ವಾ? ಓದೋ ಕೋಣೆಗೆ ಹೋಗಿ ಹೋಗಿ ಹೆಂಗಸರ ತಲೆ ಕೆಡ್ತು. ಹೋಗು, ನಿನ್ನ ಒಲೆ ಮೇಲೆ ಆಲೂಗಡ್ಡೆ ಸೀದು ಹೋಗ್ತಿದೆ.”

ನಿಜಕ್ಕೂ ಸೀಯುತ್ತಿತ್ತು. ಓಡಿದೆ.

ಟ್ಯಾಬಿತಮ್ಮ ಯಾವುದನ್ನೂ ಹಾಳು ಮಾಡುವವಳಲ್ಲ. ಹತ್ತಿ ಸಿಗದೆ ಗಿರಣಿಗಳು ಮುಚ್ಚಿದ್ದ ವರ್ಷಗಳಲ್ಲಿ ಹಸಿವು ಕಂಡವಳು. ಬಾರ್ಲಿ ಸಾರು ಬಡಿಸುವಾಗ ಮೇಲಿನ ತಿಳಿ ಗಂಡಸರಿಗೆ, ತನಗೆ. ತಳದ ಗಟ್ಟಿ ಯಾವಾಗಲೂ ಮನೆಯ ಅತಿ ಚಿಕ್ಕವರಿಗೆ. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಅದೇ ಪದ್ಧತಿ. ಮಡಕೆಯ ಸಾರವೆಲ್ಲ ಕೆಳಗೆ ಇಳಿದಿರುತ್ತದೆ, ಬಲ ಬೇಕಾದವರಿಗೆ ಅದು ಸಲ್ಲಬೇಕು. ಶಾಂತಿರಸದ ಸೀಸೆ ಬರಿದಾದಾಗಲೂ ಅವಳು ಹಾಗೆಯೇ ಮಾಡುತ್ತಿದ್ದಳು: ಒಂದಿಷ್ಟು ಬಿಸಿನೀರು ಹಾಕಿ, ಚೆನ್ನಾಗಿ ಕುಲುಕಿ, ತಳಕ್ಕೆ ಹಿಡಿದದ್ದನ್ನೆಲ್ಲ ಬಿಡಿಸಿ, ಆ ನೀರನ್ನು ಎಲ್ಲಕ್ಕಿಂತ ಎಳೆಯ ಕೂಸಿಗೆ ಕುಡಿಸುವಳು.

ಆ ಚಳಿಗಾಲ ಅತಿ ಎಳೆಯ ಕೂಸು ಸೆಲಿನಾ.

ಸಂಜೆ ಕೆಜಾಯಾ ಬಂದಾಗ ಮಗು ಮಲಗಿತ್ತು. ಎದೆ ಬಿಗಿದು ನೋಯುತ್ತಿದ್ದರಿಂದ ಎತ್ತಿಕೊಳ್ಳಲು ಬಗ್ಗಿದಳು.

“ಏಳಿಸಬೇಡ ಕಣೇ, ಎಷ್ಟು ಚೆನ್ನಾಗಿ ಮಲಗಿದೆ ನೋಡು ಬಂಗಾರ,” ಎಂದಳು ಅತ್ತೆ. “ನೀನೂ ಒಂದಿಷ್ಟು ನಿದ್ದೆ ಮಾಡು.”

ಬೆಳಗ್ಗೆ ಕಿಟಕಿಗೆ ಗಳು ತಟ್ಟಿದ ಸದ್ದಿಗೆ ಎಲ್ಲರೂ ಎದ್ದರು. ಸೆಲಿನಾ ಏಳಲಿಲ್ಲ. ಗೋಡೆಯ ಆಚೆಯಿಂದ ನನಗೆ ಮೊದಲು ಕೇಳಿಸಿದ್ದು ಅಳುವಲ್ಲ. ಕೆಜಾಯಾ ಮೆಲ್ಲಗೆ, ಮಗುವಿಗೆ ಗಾಬರಿಯಾದೀತು ಎಂಬಂತೆ, ಅದರ ಹೆಸರು ಹಿಡಿದು ಕರೆಯುತ್ತಿದ್ದಳು. ಕರೆಯುತ್ತಲೇ ಇದ್ದಳು.

ಔಷಧಿ ಅಂಗಡಿಯ ಪಿಲ್ಲಿಂಗ್ ಸಾಹೇಬರು ಕಪ್ಪು ಕೈಗವಸು ಹಾಕಿಕೊಂಡು ಶವದ ಹಿಂದೆ ನಡೆದರು. “ಇಂಥ ದೇವತೆಗಳನ್ನು ದೇವರು ಹೆಚ್ಚು ದಿನ ಬಿಟ್ಟಿರೋದಿಲ್ಲ,” ಎಂದರು. ಬಾಣಂತಿಗೆ ನಿದ್ದೆ ಬರಲೆಂದು ಒಂದು ಹೊಸ ಶಾಂತಿರಸದ ಸೀಸೆಯನ್ನು ಮೇಜಿನ ಮೇಲಿಟ್ಟು ಹೋದರು.

ಆ ಸೀಸೆಯನ್ನು ಯಾರೂ ತೆರೆಯಲಿಲ್ಲ. ವಸಂತದವರೆಗೂ ಒಲೆಯ ಮೇಲಿನ ಹಲಗೆಯಲ್ಲಿ ಚೀನಾ ಮಣ್ಣಿನ ನಾಯಿಯ ಪಕ್ಕದಲ್ಲಿ ನಿಂತಿತ್ತು.

ಒಂದು ಭಾನುವಾರ ಓದುವ ಕೋಣೆಯಲ್ಲಿ ಯಾವುದೋ ಊರಿನ ಆರೋಗ್ಯಾಧಿಕಾರಿಯ ವರದಿ ಓದಿದರು. ಇಂಥ ಶಾಂತಿರಸಗಳನ್ನು ಅಲ್ಲಾಡಿಸದೆ ನಿಲ್ಲಲು ಬಿಟ್ಟರೆ ಅಫೀಮು ತಳಕ್ಕಿಳಿಯುತ್ತದೆ, ಮೇಲಿನ ಚಮಚ ಮಲಗಿಸಿದರೆ ಕೊನೆಯ ಚಮಚ ಕೊಲ್ಲುತ್ತದೆ ಎಂದು ಅದರಲ್ಲಿತ್ತು. ನೇರ ಟ್ಯಾಬಿತಮ್ಮನ ಮನೆಗೆ ಬಂದೆ. ಅವಳೊಬ್ಬಳೇ ಇದ್ದಳು.

“ಮೇಲಿರೋ ಸೀಸೆ ತೆಗೀರಿ, ಟ್ಯಾಬಿತಮ್ಮ. ಅಲ್ಲಾಡಿಸಬೇಡಿ. ಹಾಗೇ ಬೆಳಕಿಗೆ ಹಿಡೀರಿ.”

“ಮತ್ತೆ ಶುರು ಮಾಡಿದ್ಯಾ? ಏನಿದೆ ನೋಡೋದಕ್ಕೆ ಇದರಲ್ಲಿ?”

ಆದರೂ ಹಿಡಿದಳು. ಸೀಸೆ ಹಸಿರು ಗಾಜಿನದು. ಮೇಲೆ ಚಹಾದಂಥ ತಿಳಿ. ತಳದಲ್ಲಿ ಕಂದು ಕೆಸರು, ಬೆರಳಿನ ದಪ್ಪ. ಅವಳು ಸೀಸೆಯನ್ನು ನಿಧಾನ ಒಂದು ಕಡೆಗೆ ವಾಲಿಸಿದಳು. ಕೆಸರು ಕದಲಲಿಲ್ಲ. ನಾನು ಓದಿ ಬಂದದ್ದನ್ನು ಹೇಳಿದೆ. ಹೇಳುವ ಅಗತ್ಯವೇ ಇರಲಿಲ್ಲವೇನೋ. ಜೀವಮಾನವೆಲ್ಲ ಮಡಕೆಯ ತಳ ಬಲ್ಲವಳು ಅವಳು.

ಸೀಸೆಯ ತಳಕ್ಕೆ ಬೆರಳು ಒತ್ತಿದಳು. “ತಳದ್ದು ಗಟ್ಟಿ, ಡಾರ್ಕಸ್. ಗಟ್ಟೀದೇ ಅಲ್ವಾ ಚಿಕ್ಕವರಿಗೆ ಕೊಡೋದು?”

ಅವಳ ಕೈಯಿಂದ ಸೀಸೆ ತೆಗೆದು ಮತ್ತೆ ಹಲಗೆಯ ಮೇಲಿಟ್ಟೆ. ಆ ಕೈ ಇನ್ನೂ ಸೀಸೆ ಹಿಡಿದ ಹಾಗೆಯೇ ಗಾಳಿಯಲ್ಲಿ ಇತ್ತು.

ಮರುದಿನದಿಂದ ಅವಳು ಮೊದಲಿನ ಟ್ಯಾಬಿತಮ್ಮನಾಗಿ ಉಳಿಯಲಿಲ್ಲ. ಮಕ್ಕಳಿಗೆ ಶಾಂತಿರಸ ಕೊಡುವುದನ್ನು ಬಿಟ್ಟಳು. ಮಕ್ಕಳು ಅತ್ತವು. ಬೀದಿ ತುಂಬ ಗುಸುಗುಸು. “ಮುದುಕಿಗೆ ಕೈಲಾಗ್ತಾ ಇಲ್ಲ,” “ಅಲ್ಲಿ ಬಿಟ್ಟರೆ ಸಂತೆ ಗದ್ದಲ” ಎಂದು ಒಬ್ಬೊಬ್ಬರೇ ತಮ್ಮ ಕೂಸುಗಳನ್ನು ಬೇರೆ ಕಡೆ ಒಯ್ದರು. ಅಲ್ಲಿ ಮಕ್ಕಳು ಮೊದಲಿನಂತೆ ಮಲಗಿದವು. ಟ್ಯಾಬಿತಮ್ಮ ಯಾರಿಗೂ ಎದುರು ಮಾತಾಡಲಿಲ್ಲ. ಕೆಜಾಯಾಳಿಗೂ ಏನೂ ಹೇಳಲಿಲ್ಲ. ಹೇಳಬೇಡವೆಂದು ನನ್ನ ಕೈ ಹಿಡಿದು ಕೇಳಿಕೊಂಡಿದ್ದಳು: “ನಾನೇ ಹೇಳ್ತೀನಿ ಕಣೇ. ಬಾಯಿ ಬರಲಿ, ಹೇಳ್ತೀನಿ.”

ಬಾಯಿ ಬರುವ ಮೊದಲೇ ಕೆಜಾಯಾಳಿಗೆ ಮತ್ತೊಂದು ಮಗು ಹುಟ್ಟಿತು. ಗಂಡು, ಓಬೆಡ್. ಅದರ ಗಂಟಲು ಸೇನೆಯ ಕಹಳೆ. ಮೈಯಲ್ಲಿ ಬಟ್ಟೆ ನಿಲ್ಲದಷ್ಟು ಒದೆಯುವುದು, ಕೆಂಪೇರಿ ಕಿರುಚುವುದು. ಟ್ಯಾಬಿತಮ್ಮ ತನ್ನ ಕೆಟ್ಟ ಎದೆ ಹೊತ್ತುಕೊಂಡೇ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ನಡೆಯುವಳು. ಕೆಜಾಯಾ ಮತ್ತೆ ಗಿರಣಿ ಸೇರಿದಳು. ಇರುಳೆಲ್ಲ ನಿದ್ದೆಯಿಲ್ಲ. ಒಮ್ಮೆ ಮಗ್ಗದ ಮುಂದೆಯೇ ತೂಕಡಿಸಿ ಬೀಳುವುದರಲ್ಲಿದ್ದವಳನ್ನು ನಾನು ಜಡೆ ಹಿಡಿದು ಎಳೆದೆ. ಇಲ್ಲದಿದ್ದರೆ ಮಗ್ಗ ತಿರುಗಿಸುವ ಪಟ್ಟಿ ಅವಳ ತೋಳನ್ನು ಒಯ್ಯುತ್ತಿತ್ತು. ಮೇಸ್ತ್ರಿ ಬಂದು, ಇನ್ನೊಂದು ಸಲ ಹೀಗಾದರೆ ಮನೆಗೆ ಹೋಗು ಎಂದ.

ಮರುದಿನ ಬೆಳಗ್ಗೆ ಅವಳನ್ನು ಕರೆಯಲು ಹೋದಾಗ ಒಳಗೆ ಜಗಳ ಎದ್ದಿತ್ತು.

“ಕೊಡಿ ಅಂದ್ರೆ ಕೊಡಿ ಅತ್ತೆ! ಆ ಹಲಗೆ ಮೇಲೇ ಇದೆಯಲ್ಲ ಸೀಸೆ. ಒಂದೇ ಒಂದು ಚಮಚ. ಅದೂ ಮಲಗಲಿ, ನೀವೂ ಕೂರಿ, ರಾತ್ರಿ ನಾನೂ ಕಣ್ಣು ಮುಚ್ಚಲಿ.”

“ಬೇಡ ಮಗಳೇ. ನಾನು ಎತ್ಕೊಂಡಿರ್ತೀನಿ.”

“ಎಷ್ಟು ಹೊತ್ತು ಎತ್ಕೊಂಡಿರ್ತೀರಿ? ಎರಡು ಹೆಜ್ಜೆ ಇಟ್ರೆ ನಿಮಗೆ ಉಸಿರಿಲ್ಲ! ಊರ ಮಕ್ಕಳಿಗೆಲ್ಲ ಕೊಟ್ರಿ. ಸೆಲಿನಾಗೆ ಕೊಟ್ರಿ. ಇವನಿಗೆ ಮಾತ್ರ ಯಾಕೆ ಕೊಡಲ್ಲ?”

ಟ್ಯಾಬಿತಮ್ಮ ಮಗುವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು.

“ಅವಳಿಗೆ ಕೊಟ್ಟೆ. ಅದಕ್ಕೇ.”

ಓಬೆಡ್ ಅಳುತ್ತಲೇ ಇದ್ದ. ಕೆಜಾಯಾ ಅತ್ತೆಯ ಮುಖ ನೋಡಿದಳು, ಹಲಗೆಯ ಮೇಲಿನ ಸೀಸೆ ನೋಡಿದಳು. ಆಮೇಲೆ ನನ್ನನ್ನು. ನಾನು ತಲೆ ತಗ್ಗಿಸಿದೆ.

“ಸೀಸೆ ತೊಳೆದ ನೀರು, ಮಗಳೇ,” ಎಂದಳು ಮುದುಕಿ. “ತಳದಲ್ಲಿ ಸಾರ ಇರುತ್ತೆ ಅಂತ ಕೊಟ್ಟೆ. ತಳದಲ್ಲಿ ವಿಷ ಇತ್ತು. ನನಗೆ ಗೊತ್ತಿರಲಿಲ್ಲ. ನನ್ನ ಹೊಡಿ ಬೇಕಾದ್ರೆ. ಆದ್ರೆ ಇವನಿಗೆ ಕೊಡು ಅಂತ ಹೇಳಬೇಡ.”

ಗಿರಣಿಯ ಗಂಟೆ ಹೊಡೆಯತೊಡಗಿತು. ಕೆಜಾಯಾ ಕೈ ಎತ್ತಿದಳು. ಹೊಡೆಯುತ್ತಾಳೆಂದೇ ನಾನು ತಿಳಿದೆ. ಆ ಕೈ ಅತ್ತೆಯ ತಲೆಯ ಮೇಲೆ ಇಳಿದು, ಬಿಳಿಗೂದಲನ್ನು ಕಿವಿಯ ಹಿಂದೆ ಸರಿಸಿ, ಅಲ್ಲೇ ನಿಂತಿತು. ಅವಳ ತುಟಿ ಅಲುಗಿತು, ಸದ್ದು ಬರಲಿಲ್ಲ. ಮಗ್ಗದವಳಾದ ನನಗೆ ಕೇಳಿಸಿತು: “ಮಲಗಿದೆ ಏಳಿಸಬೇಡ ಅಂದಿರಿ, ಅತ್ತೆ.” ಮಗುವಿನ ಮೇಲೆ ತಲೆ ಬಾಗಿಸಿದ್ದರಿಂದ ಮುದುಕಿಗೆ ಅದು ಕಾಣಲಿಲ್ಲ. ಕಾಣದಿದ್ದದ್ದೇ ಒಳ್ಳೆಯದಾಯಿತು.

“ಓಡು,” ಎಂದಳು ಟ್ಯಾಬಿತಮ್ಮ ಕಣ್ಣೊರೆಸಿಕೊಂಡು. “ಊಟದ ಹೊತ್ತಿಗೆ ಇವನನ್ನ ಗೇಟಿಗೆ ತರ್ತೀನಿ. ಎದೆಹಾಲು ಕೊಟ್ಟು ಹೋಗು. ಹೊಟ್ಟೆ ತುಂಬಿದ್ರೆ ತಾನೇ ಮಲಗ್ತಾನೆ. ಹಸಿದ ಕೂಸಿಗೆ ನಾವು ಇಷ್ಟು ಕಾಲ ಔಷಧಿ ಕುಡಿಸಿದ್ದು, ನೋಡು.”

ಓಡಿದೆವು. ಬೆಳಗೆಲ್ಲ ಕೆಜಾಯಾ ಮಗ್ಗದಿಂದ ಕಣ್ಣು ತೆಗೆಯಲಿಲ್ಲ. ತೂಕಡಿಸಲೂ ಇಲ್ಲ.

ಮಧ್ಯಾಹ್ನ ಯಂತ್ರ ನಿಂತಿತು. ಅದು ನಿಂತಾಗ ಮಗ್ಗಮನೆಯಲ್ಲಿ ಕಿವಿ ಮುಚ್ಚಿದಂಥ ಮೌನ. ಆ ಮೌನದೊಳಗೆ ಅಂಗಳದ ಕಡೆಯಿಂದ ಒಂದು ಅಳು ಏರಿ ಬಂತು. ತೆಳ್ಳಗೆ, ರೋಷದಿಂದ, ಬಿಟ್ಟೂಬಿಡದೆ. ರೊಟ್ಟಿಯ ಗಂಟು ಬಿಚ್ಚುತ್ತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ತಮ್ಮ ಊರಲ್ಲಿ ಹಗಲು ಹೊತ್ತು ಮಗು ಅಳುವುದನ್ನು ಕೇಳಿ ಅವರಿಗೆ ಎಷ್ಟು ಕಾಲವಾಗಿತ್ತೋ.

ಕೆಜಾಯಾ ಮೆಟ್ಟಿಲಿಳಿದು ಓಡಿದಳು. ಹಿಂದೆಯೇ ನಾವೆಲ್ಲ.

ಗೇಟಿನ ಕಂಬಿಗಳಾಚೆ ಟ್ಯಾಬಿತಮ್ಮ. ಶಾಲಿನೊಳಗೆ ಓಬೆಡ್ ಒದೆಯುತ್ತಿದ್ದ. ನಡೆದು ಬಂದ ಆಯಾಸಕ್ಕೆ ಅವಳ ತುಟಿ ನೀಲಿಗಟ್ಟಿತ್ತು. ಈಚೆ ಗೇಟಿನವನು, ಬೀಗದ ಕೈ ಬೆಲ್ಟಿಗೆ ಸಿಕ್ಕಿಸಿಕೊಂಡು.

“ಅಜ್ಜಿ, ನಿಂಗೆ ಎಷ್ಟು ಸಲ ಹೇಳೋದು? ಕೂಸುಗಳನ್ನ ಗೇಟಿಗೆ ತರೋ ಹಾಗಿಲ್ಲ, ಯಜಮಾನರ ಅಪ್ಪಣೆ. ಮೇಲೆ ಆಫೀಸಿನ ಕಿಟಕಿ ತೆಗೆದಿದೆ. ಅವರ ಕಿವಿಗೆ ಬೀಳತ್ತೆ.”

“ಬೀಳಲಿ ಬಿಡಪ್ಪ.”

“ಏ, ಅಲ್ಲೇ ಪಿಲ್ಲಿಂಗ್ ಅಂಗಡಿ. ಹೋಗಿ ಬಾಯಿಗೆ ಒಂದು ಚಮಚ ಹಾಕಿಸ್ಕೊಂಡು ಬಾ. ಎರಡು ನಿಮಿಷದ ಕೆಲಸ. ಮಗು ಮೊದಲು ಸುಮ್ಮನಾಗಲಿ, ಆಮೇಲೆ ನೋಡೋಣ.”

ಕೆಜಾಯಾ ಕಂಬಿಗಳ ನಡುವೆ ಎರಡೂ ಕೈ ತೂರಿಸಿದ್ದಳು. ಅವಳ ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಟ್ಯಾಬಿತಮ್ಮ ಮಗುವಿನ ಮುಖದ ಮೇಲಿನ ಶಾಲನ್ನು ಪೂರ್ತಿ ಸರಿಸಿದಳು. ಅಳು ಇನ್ನೂ ಜೋರಾಗಿ, ಕಿಟಕಿಯವರೆಗೂ ಏರಿತು.

“ಇಲ್ಲ ಕಣಪ್ಪ,” ಎಂದಳು. “ಸುಮ್ಮನಿರಿಸೋದಿಲ್ಲ. ಅಳಲಿ. ನೀನು ಗೇಟು ತೆಗಿ.”